ಬಸುರಿ ಹೊಲದಲ್ಲಿ ಕಿತ್ತ ಮೆಣಸಿನ ಗಿಡ

ಹಮ್ಮಿಗಿ

ಮುಂಡರಗಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಮೇಲೆ ಸಿಟ್ಟು ಕಾಯುತ್ತಿರುವ ಅತ್ತೆ ಮುತ್ತವ್ವನವರಿಗೆ,

ರೋಜಾಳ ನಮಸ್ಕಾರಗಳು. ಶೈಲಾ, ನಿಮ್ಮವ್ವನಿಗೆ ಇದನ್ನು ಓದಿ ಹೇಳುವಾಗ ಒಂದು ಸಾಲನ್ನೂ ನುಂಗಬೇಡ. ಫೋನಿನಲ್ಲಿ ಹೇಳಹೋದರೆ ಅವರು ಅರ್ಧಕ್ಕೇ ಇಟ್ಟುಬಿಡುತ್ತಾರೆ. ಅದಕ್ಕೇ ನಿಮ್ಮಣ್ಣನ ಕೈಯಲ್ಲಿ ರೊಟ್ಟಿ ಗಂಟಿನ ಜೊತೆ ಈ ಕಾಗದ ಕಳಿಸಿದ್ದೇನೆ.

ಹೌದು ಅತ್ತೆ, ಮೆಣಸಿನ ಗಿಡ ಕಿತ್ತವಳು ನಾನೇ. ಪಕ್ಕದ ಹೊಲದ ಗೋಣೆಪ್ಪ ಕಾಕಾ ನಿಮಗೆ ಮುಟ್ಟಿಸಿದ ಖಬರು ಸುಳ್ಳಲ್ಲ. "ಬೆಳಿ ಅಂದ್ರ ಬಸುರಿ. ಬಸುರಿ ಹೊಲದಾಗ ಬೇರು ಕೀಳಾಕ ನಿನಗ ಕೈ ಹೆಂಗ ಬಂತು? ಆ ಹೊಲದಾಗ ನಾ ಈ ಸಲ ಚರಗಾ ಚೆಲ್ಲಂಗಿಲ್ಲ" ಎಂದಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ. ಬಸುರಿ ಭೂತಾಯಿಗೆ ಬಯಕೆಯ ಎಡೆ ಚೆಲ್ಲುವ ಸೀಗಿ ಹುಣ್ಣಿಮೆ ಹತ್ತಿರ ಬಂತು. ನೀವಿಲ್ಲದೆ ಹೊಲಕ್ಕೆ ಆ ಚರಗ ಹೊತ್ತು ಹೋಗಲು ನನ್ನಿಂದ ಆಗದು. ಹಾಗಂತ ತಪ್ಪಾಯಿತು ಎನ್ನಲು ಬರೆಯುತ್ತಿಲ್ಲ.

ನೀವು ಶೈಲಾಳ ಬಾಣಂತನಕ್ಕೆ ಹೊರಡುವ ಮೊದಲೇ ಬದುವಿನ ಕಡೆಯ ಕೆಲವು ಗಿಡಗಳು ಎಲೆ ಮುದುಡಿ ಗಿಡ್ಡಾಗಿ ನಿಂತಿದ್ದವು. ನಿಮ್ಮ ಕರುಳು ಕೇಳಬೇಕಲ್ಲ! ಅವುಗಳ ಬುಡಕ್ಕೆ ಎಲ್ಲಕ್ಕಿಂತ ಹೆಚ್ಚು ಗೊಬ್ಬರ ಹಾಕಿದಿರಿ. ಆದರೆ ಅವಕ್ಕೆ ಇದ್ದದ್ದು ಹಸಿವಲ್ಲ, ಮುಟುರು ರೋಗದ ವೈರಸ್. ಎಲೆಯಡಿ ಕೂರುವ ಬಿಳಿ ನೊಣ ರೋಗದ ಗಿಡದ ರಸ ಹೀರುವಾಗ ವೈರಸ್ಸನ್ನೂ ಹೀರುತ್ತದೆ. ಹಾರಿಹೋಗಿ ಇನ್ನೊಂದು ಗಿಡಕ್ಕೆ ಬಾಯಿ ಚುಚ್ಚಿದಾಗ ಅಲ್ಲಿ ಇಳಿಸುತ್ತದೆ. ಒಳಹೊಕ್ಕ ವೈರಸ್ಸಿಗೆ ಸ್ವಂತ ಒಲೆಯಿಲ್ಲ. ಗಿಡದ ಅಡುಗೆಮನೆಯಲ್ಲೇ ಕುಳಿತು, ಗಿಡದಿಂದಲೇ ತನ್ನಂಥವನ್ನು ಮಾಡಿಸಿಕೊಂಡು ನರನರಕ್ಕೂ ಹಬ್ಬುತ್ತದೆ. ಹೊಕ್ಕಮೇಲೆ ಅದನ್ನು ಬಿಡಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ನೀವು ಗೊಬ್ಬರ ಹಾಕಿದಷ್ಟೂ ಗಿಡ ಎಳೆ ಚಿಗುರು ಬಿಟ್ಟಿತು, ನೊಣಕ್ಕೆ ಅದೇ ಹಬ್ಬವಾಯಿತು. ಕೃಷಿ ಡಿಪ್ಲೊಮಾ ಓದಿದ ಸೊಸೆಯೇ ಬೇಕೆಂದು ಹುಡುಕಿ ತಂದವರು ನೀವೇ, ಈಗ ಅನುಭವಿಸಿ.

ಬೆಳಗಿನ ತಂಪಿನಲ್ಲಿ, ನೊಣ ಇನ್ನೂ ಜಡವಾಗಿರುವಾಗ, ನಾನೂ ನಿಮ್ಮ ಮಗ ಸೋಮೇಶರೂ ಹೋದೆವು. ಒಂದೊಂದು ಗಿಡಕ್ಕೂ ಚೀಲ ಹೊದಿಸಿ, ನೊಣ ಏಳದಂತೆ ಕಿತ್ತು, ಗುಂಡಿ ತೋಡಿ ಹೂಳಿದೆವು. ಬದುವಿನ ಕಳೆಯನ್ನೂ ಬಿಡಲಿಲ್ಲ. ಕಿತ್ತವುಗಳಲ್ಲಿ ಒಂದೆರಡು ಹೂ ಬಿಟ್ಟಿದ್ದವು. ಅವಕ್ಕೆ ಕೈಮುಗಿದು ಕಿತ್ತೆ ಅತ್ತೆ.

ಹೋದ ವಾರ ನಾನು ಕೂಸು ನೋಡಲು ಅಲ್ಲಿಗೆ ಬಂದಿದ್ದಾಗ ನಿಮ್ಮ ತಂಗಿ ಕರಿಯವ್ವ ಚಿಗವ್ವ ಕೆಮ್ಮುತ್ತ ಬಾಗಿಲಿಗೆ ಬಂದರು. "ನೀ ಅಲ್ಲೇ ಕುಂಡ್ರವಾ, ಕೂಸಿನ ಹಂತ್ಯಾಕ ಬರಬ್ಯಾಡ" ಎಂದಿರಿ. ಅವರ ಮುಖ ಸಣ್ಣದಾಯಿತು. ಚಹಾ ಕೊಟ್ಟಿರಿ, ಒಳಗೆ ಮಾತ್ರ ಬಿಡಲಿಲ್ಲ. ನಿಮಗೆ ತಂಗಿಯ ಮೇಲೆ ಪ್ರೀತಿಯಿಲ್ಲವೇ? ನಾನು ಹೊಲದಲ್ಲಿ ಮಾಡಿದ್ದೂ ಅದನ್ನೇ. ದೂರ ಕೂರು ಎಂದರೆ ಗಿಡ ಎದ್ದು ಹೋಗುವುದಿಲ್ಲವಲ್ಲ, ಅದಕ್ಕೇ ಕೀಳಬೇಕಾಯಿತು.

ಈಗ ನಮ್ಮ ಸಾಲುಗಳು ಕಾಯಿ ಹೊತ್ತು ಬಾಗಿವೆ. ಗೋಣೆಪ್ಪ ಕಾಕಾನ ಹೊಲದಲ್ಲಿ ರೋಗ ನಡುವಿನವರೆಗೂ ಹೋಗಿದೆ. ನಿಮಗೆ ಚಾಡಿ ಹೇಳಿದವರು ನಿನ್ನೆ ನನ್ನ ಹತ್ತಿರ ಚೀಲ ಕೇಳಿಕೊಂಡು ಬಂದಿದ್ದರು, ಕೊಟ್ಟೆ.

ಗಿಡ ಕಿತ್ತ ಜಾಗಗಳು ಹಾಗೇ ಖಾಲಿ ಇವೆ. ಮೊದಲ ಚರಗ ನಿಮ್ಮ ಕೈಯಿಂದ ಅಲ್ಲೇ ಬೀಳಲಿ.

ಕೊನೆಯ ಮಾತು, ಶೈಲಾ, ಇದನ್ನು ನಿಧಾನ ಓದು. ಬಸುರಿ ಹೊಲದಲ್ಲಿ ಕೀಳಲು ಕೈ ಹೇಗೆ ಬಂತು ಎಂದು ಕೇಳಿದಿರಲ್ಲ ಅತ್ತೆ, ಆ ಕೈಯೂ ಬಸುರಿಯದೇ. ನನಗೆ ಗೊತ್ತಾದದ್ದು ಮೊನ್ನೆ. ಬರುವಾಗ ಹೊಲಕ್ಕೆ ಉಡಿ ತುಂಬಲು ತರುವ ಖಣದ ಜೊತೆ ಇನ್ನೊಂದು ಖಣ ತನ್ನಿ.

ಬಾಣಂತಿಗೂ ಕೂಸಿಗೂ ಒಳ್ಳೆಯದಾಗಲಿ. ಬದುವಿನ ಮೇಲೆ ನಿಂತು ನಿಮ್ಮ ದಾರಿ ನೋಡುತ್ತಿರುವ,

ಗಿಡ ಕಿತ್ತ ಸೊಸೆ
ರೋಜಾ