ಕಾಲು ತಾಗಿದ ಚೆಂಡು

ಮನಿಲಾ, ೧೨-೩-೧೯೫೫

ಮುಳಗುಂದದ ಮಾಳಕ್ಕನಿಗೆ ತಮ್ಮ ಬೀರಲಿಂಗನ ನಮಸ್ಕಾರ.

ಇಲ್ಲಿಯ ಸಕ್ಕರೆ ಕಂಪನಿ ನನಗೆ ಬಾಸ್ಕೆಟ್‌ಬಾಲ್ ಆಡಲಿಕ್ಕೇ ಪಗಾರ ಕೊಡುತ್ತದೆ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುಂದೊಯ್ಯುವ ಗಾರ್ಡ್ ನಾನು. ಅನ್ನ ಕೊಡುವ ಚೆಂಡಿಗೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಅಕ್ಷರ ಬರೆಯುವ ಪಾಟಿಗೆ ಕಾಲು ತಾಗಿದಾಗ ನೀನೇ ಅಲ್ಲವೇ, "ಕಣ್ಣಿಗೆ ಒತ್ಕೊಳ್ಳೋ ಲೇ!" ಎಂದು ತಲೆಗೆ ಮೊಟಕಿ ಕಲಿಸಿದ್ದು? ಅಷ್ಟರಲ್ಲಿ ಎದುರಿನವರು ಕಸಿದು ಓಡುತ್ತಾರೆ. ಎರಡು ಪಂದ್ಯ ಹೀಗೇ ಸೋತೆವು. ಇನ್ನೊಮ್ಮೆ ಒತ್ತಿಕೊಂಡರೆ ಊರಿನ ಹಡಗು ಹತ್ತಿಸುತ್ತೇನೆ ಎಂದ ಕೋಚ್.

ನಿನ್ನೆ ಎದುರು ತಂಡದ ತೆಂಗಿನಮರದಂಥವನ ಕಾಲಿಗೆ ಚೆಂಡು ತಾಗಿತು. ಹಿಂದಿನ ಪಂದ್ಯದಲ್ಲಿ ನಾನು ಒತ್ತಿಕೊಂಡದ್ದನ್ನು ಕಂಡಿದ್ದ ಅವನು ನನ್ನ ಮುಖ ನೋಡಿ, ನಾಚಿ, ಎತ್ತಿ ಕಣ್ಣಿಗೊತ್ತಿಕೊಂಡ. ನಾನು ಕಸಿದು ಓಡಿದೆ. ಗೆದ್ದೆವು!

ಮೊಣಕಾಲು ಗಟ್ಟಿಯಿವೆ. ಊಟಕ್ಕೆ ಶೇಂಗಾ ಹಿಂಡಿ ಕಳಿಸು. ಕಸಿದ ಪಾಪ ನನಗೋ, ಕಲಿಸಿದ ನಿನಗೋ, ಅವ್ವನನ್ನು ಕೇಳಿ ಬರೆ.

ಬೀರ್ಯಾ