ಬಸ್ ಡಿಪೋದಲ್ಲಿ ಒಪೆರಾ

ಮಹಡಿ ಮನೆಯಿಂದ,
ಗುರುವಾರ, ೧೪ನೇ ತಾರೀಕು

ನನ್ನ ಮುದ್ದು ಮಗನಿಗೆ,

ಅಮ್ಮನ ಆಶೀರ್ವಾದಗಳು. ಹಡಗಿನ ಇಂಜಿನ್ ಕೋಣೆಯ ಸದ್ದಿಗೆ ಕಿವಿ ಗುಂಯ್‌ಗುಡುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಹತ್ತಿ ಇಟ್ಟುಕೊಳ್ಳಲು ನಾಚಿಕೆ ಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನನ್ನ ಕನ್ನಡಕವೂ ಪಾರಾಗಿಲ್ಲ.

ಈಗ ಸುದ್ದಿ. ನಿನ್ನೆ ಮಧ್ಯಾಹ್ನ ನಿನ್ನ ಹೆಂಡತಿ ನಮ್ಮ ಬಸ್ ಡಿಪೋದವರಿಗೆ ಇಟಾಲಿಯನ್ ಒಪೆರಾ ಕೇಳಿಸಿದಳು. ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ ಎಂದು ನನಗೂ ಅವಳೇ ಹೇಳಿಕೊಟ್ಟದ್ದು. ಇದು ಹಳೆಯದು, ನಗಿಸುವಂಥದ್ದು. ಅರ್ಥವಾಗದ ಭಾಷೆಯ ಹಾಡನ್ನು ಯಾರು ಕೇಳುತ್ತಾರೆ ಎಂದು ಅವಳ ತಂಡಕ್ಕೆ ಯಾರೂ ಸಭಾಂಗಣ ಕೊಡುತ್ತಿರಲಿಲ್ಲ. ಇಲ್ಲೂ ಜನ ಎದ್ದು ಹೋದರೆ ತಂಡವನ್ನೇ ಮುಚ್ಚೋಣ ಎಂದು ಪಿಯಾನೋ ನುಡಿಸುವವರು ಹೇಳಿದ್ದರಂತೆ. ಪಾಪ, ಬೆಳಿಗ್ಗೆಯಿಂದ ಬಿಸಿನೀರು ಬಿಟ್ಟು ಬೇರೇನೂ ಅವಳ ಗಂಟಲಲ್ಲಿ ಇಳಿದಿರಲಿಲ್ಲ.

ಡಿಪೋದ ಊಟದ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಮೊದಲ ಸಾಲಿನಲ್ಲೇ ಕೂತೆ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೇ ಹಿಂದೆ ಕಿಸಿಕಿಸಿ ಎದ್ದಿತು. ಇಬ್ಬರು ಡ್ರೈವರುಗಳು ಟೀ ಲೋಟ ಹಿಡಿದು ಬಾಗಿಲ ಕಡೆ ಹೊರಟರು. ಮೆಕ್ಯಾನಿಕ್ಕೊಬ್ಬ ಪಕ್ಕದವನನ್ನು, "ಇವರು ಹಾಡ್ತಿದ್ದಾರೋ, ಜಗಳ ಆಡ್ತಿದ್ದಾರೋ?" ಎಂದು ಕೇಳಿದ್ದು ಇಡೀ ಕೋಣೆಗೆ ಕೇಳಿಸಿತು.

ನಿನ್ನ ಹೆಂಡತಿ ಕೈಯೆತ್ತಿ ಪಿಯಾನೋ ನಿಲ್ಲಿಸಿದಳು. ನೇರ ಆ ಮೆಕ್ಯಾನಿಕ್ಕಿನ ಮುಂದೆ ಬಂದು, "ಜಗಳಾನೇ, ಅಣ್ಣ. ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಹೇಳ್ತೀನಿ, ಆಮೇಲೆ ಕೇಳಿ," ಎಂದಳು. ಆಸ್ತಿಯಾಸೆಗೆ ಹುಡುಗಿಯನ್ನು ಕಟ್ಟಿಕೊಳ್ಳಲು ಹೊರಟ ಮುದುಕ, ವೇಷ ಹಾಕಿಕೊಂಡು ಮನೆಗೆ ನುಸುಳುವ ಅವಳ ಪ್ರಿಯಕರ, ಎಲ್ಲವನ್ನೂ ಪಕ್ಕದ ಮನೆಯ ಸುದ್ದಿಯ ಹಾಗೆ ಹೇಳಿದಳು. ಮುದುಕ ಒಂದೇ ಮಾತನ್ನು ಮತ್ತೆ ಮತ್ತೆ ಬಡಬಡಿಸಿದರೆ ಅವನ ಪಿತ್ತ ನೆತ್ತಿಗೇರಿದೆ ಎಂದು ತಿಳಿಯಿರಿ, ಪದ ಬಿಟ್ಟು ಹಾಡಿನ ಓಟ ನೋಡಿ ಎಂದಳು. ಎಲ್ಲರೂ ಒಟ್ಟಿಗೆ ಹಾಡುವ ಕೊನೆಯ ಭಾಗಕ್ಕೆ ಮುಂಚೆ ಕಂಡಕ್ಟರುಗಳ ಕಡೆ ತಿರುಗಿದಳು. "ಬಸ್ಸು ತುಂಬಾ ಜನ ಒಂದೇ ಸಲ ಚಿಲ್ಲರೆ ಕೇಳಿದ ಹಾಗಿರುತ್ತೆ ಇದು. ಆದರೆ ತಾಳ ಮಾತ್ರ ಯಾರೂ ತಪ್ಪಲ್ಲ."

ಆಮೇಲಿನದನ್ನು ನೀನು ನೋಡಬೇಕಿತ್ತು. ಹೊರಟಿದ್ದ ಡ್ರೈವರುಗಳು ಬಾಗಿಲಿಗೊರಗಿ ನಿಂತುಬಿಟ್ಟರು. ಪ್ರಿಯಕರ ತಟ್ಟೆಗಳ ಬೀರುವಿನ ಹಿಂದೆ ಅಡಗಿದ್ದಾಗ ಕಂಡಕ್ಟರ್ ಹೆಂಗಸೊಬ್ಬಳು, "ಅಲ್ಲೇ ಇರಪ್ಪ, ಮುದುಕ ಇನ್ನೂ ಹೋಗಿಲ್ಲ," ಎಂದು ಅವನಿಗೆ ಬುದ್ಧಿ ಹೇಳಿದಳು. ನಿನ್ನ ಹೆಂಡತಿ ಎತ್ತರದ ಸ್ವರಕ್ಕೆ ಏರಿದಾಗ ಲೋಟದ ಸದ್ದೂ ಇರಲಿಲ್ಲ. ಮುಗಿದ ಮೇಲೆ ಆ ಮೆಕ್ಯಾನಿಕ್ಕೇ ಎದ್ದು, ಜಗಳದ ಹಾಡು ಇನ್ನೊಂದು ಸಲ ಆಗಲಿ ಎಂದ. ಬಸ್ಸುಗಳು ತಡವಾಗಿ ಹೊರಟವು; ಮ್ಯಾನೇಜರೇ ಕೂತು ಚಪ್ಪಾಳೆ ತಟ್ಟುತ್ತಿದ್ದರಿಂದ ಯಾರೂ ಯಾರನ್ನೂ ಬೈಯಲಿಲ್ಲ. ಯಾರೂ ಕೇಳದಿದ್ದರೂ ನಾನು ಅಕ್ಕಪಕ್ಕದವರಿಗೆಲ್ಲ "ನನ್ನ ಸೊಸೆ" ಎಂದು ಹೇಳಿಕೊಂಡು ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಎಲ್ಲಿದ್ದರೂ ತಣ್ಣಗಿರು.

ಹೆಮ್ಮೆಯಿಂದ ಬೀಗುತ್ತಿರುವ
ನಿನ್ನ ಅಮ್ಮ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಉಳಿದ ಡಿಪೋಗಳಲ್ಲೂ ಹೀಗೇ ಹಾಡಬೇಕೆಂದು ಮ್ಯಾನೇಜರು ಕೇಳಿದ್ದಾರೆ, ಆರು ತಿಂಗಳ ಓಡಾಟ. ಮಗು ಚಿಕ್ಕದು ಎಂದು ಇವಳು ಒಲ್ಲೆ ಎನ್ನಲು ಹೊರಟಿದ್ದಾಳೆ, ನಿನಗೂ ತಿಳಿಸಬಾರದಂತೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ನಾನು ಹೋಗು ಎಂದರೆ ದಾಕ್ಷಿಣ್ಯದ ಮಾತು ಎಂದುಕೊಳ್ಳುತ್ತಾಳೆ. ನೀನು ಹೇಳಿದರೆ ಹೋಗುತ್ತಾಳೆ. ಕಾಗದ ಕೈಸೇರಿದ ದಿನವೇ ಬರೆ.