ಮುಂದೆ ನಾನು, ಹಿಂದೆ ಸಾಹೇಬರು

ಮಾರ್ಚ್ 4, ಬೆಳಿಗ್ಗೆ

ಇಂದೂ ಸಾಹೇಬರು ಪೆಟ್ಟಿಗೆಯೊಳಗೆ ಬಿಜಯಂಗೈಯಲಿಲ್ಲ. ಒಳಗೆ ಬಿಸ್ಕತ್ತು ಇಟ್ಟೆ. ಹಿಂಗಾಲು ಹೊರಗೇ ಬಿಟ್ಟು, ಕುತ್ತಿಗೆ ಒಂಟೆಯ ಹಾಗೆ ಉದ್ದ ಮಾಡಿ, ಬಿಸ್ಕತ್ತು ಕಚ್ಚಿಕೊಂಡು, ಸೋಫಾದ ಕೆಳಗೆ ಹೋಗಿ ತಿಂದರು. ಸಭೆ ಬರಖಾಸ್ತು.

ಮುಂದೆ ಯಾರಾದರೂ ಸಂಶೋಧಕರು ಇದನ್ನು ಅಗೆದು ತೆಗೆದರೆ ಗೊತ್ತಿರಲಿ — ಸಾಹೇಬರು ಎಂದರೆ ನಮ್ಮ ನಾಯಿ. ಪೂರ್ತಿ ಬಿರುದು ಜಡ್ಜ್ ಸಾಹೇಬರು. ಮನೆಯಲ್ಲಿ ಯಾರು ಜಗಳ ಆಡಿದರೂ ನಡುವೆ ಕೂತು, ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿ ವಾದ ಕೇಳುತ್ತಾರೆ. ತೀರ್ಪು ಮಾತ್ರ ಯಾವಾಗಲೂ ಕೈಯಲ್ಲಿ ತಿಂಡಿ ಇರುವವರ ಪರ.

ಅಪ್ಪ ಹಲ್ಲಿನ ಸೆಟ್ ಮಾಡುವವರು. ಕಡಲಾಚೆಯ ಲ್ಯಾಬೊಂದಕ್ಕೆ ಇವರ ಹಲ್ಲು ಹಿಡಿಸಿತಂತೆ, ಕೆಲಸ ಕೊಟ್ಟಿದೆ. ಮೇ ತಿಂಗಳಲ್ಲಿ ನಾವೆಲ್ಲ ಹಾರುತ್ತೇವೆ. ಸಾಹೇಬರು ಕಾರ್ಗೊದಲ್ಲಿ. ಅಷ್ಟರೊಳಗೆ ಪೆಟ್ಟಿಗೆಯನ್ನು ಅವರಿಗೆ ಒಗ್ಗಿಸಬೇಕು ಎಂದು ನಾಯಿಗಳನ್ನು ಕಳಿಸುವ ಏಜೆಂಟ್ ಹೇಳಿಹೋಗಿದ್ದಾನೆ. ಮೊದಲು ಒಳಗೆ ಊಟ. ಆಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕುವುದು. ಆಮೇಲೆ ಇನ್ನಷ್ಟು ಹೊತ್ತು, ಒಂಟಿಯಾಗಿ.

“ಪರೀಕ್ಷೆ ಮುಗಿಸಿ ಬಿದ್ಕೊಂಡಿದ್ದೀಯಲ್ಲ, ಇದು ನಿನ್ನ ಡ್ಯೂಟಿ,” ಎಂದಳು ಅಕ್ಕ. “ಆಟ ಆಡ್ಬೇಡ ಕೋತಿ. ಇದೊಂದನ್ನಾದ್ರೂ ನೆಟ್ಟಗೆ ಮಾಡು.”

ಪ್ರಮಾಣವಚನ ಸ್ವೀಕರಿಸಿದೆ. ಕೈ ಎದೆಯ ಮೇಲೆ. ಅಕ್ಕ ನಗಲಿಲ್ಲ.

ಮಾರ್ಚ್ 9

ಜಯಭೇರಿ! ಸಾಹೇಬರಿಗೆ ಮೇಲ್ಪಂಕ್ತಿಯೊಂದು ಬೇಕಾಗಿತ್ತು, ಅಷ್ಟೇ. ನಾನೇ ಮೊದಲು ತೂರಿಕೊಂಡೆ. ಹಿಂದಿನ ಮೂಲೆಯಲ್ಲಿ, ಮಂಡಿ ಗದ್ದಕ್ಕೆ ತಾಗಿಸಿ, ಮುದ್ದೆಯಾಗಿ ಕೂತೆ. ಸಾಹೇಬರು ಹೊರಗೆ ನಿಂತು ಪರಾಮರ್ಶಿಸಿದರು. ಆಮೇಲೆ — ಒಳಗೆ! ನನ್ನ ಪಾದದ ಮೇಲೆ ಮೈಯೆಲ್ಲ ಚೆಲ್ಲಿ, ಉದ್ದಕ್ಕೆ ಉಸಿರು ಬಿಟ್ಟು, ಮಲಗಿಯೇಬಿಟ್ಟರು.

ಇಬ್ಬರು ಹಿಡಿಸಿದ್ದು ಅಪ್ಪನ ಕೃಪೆ. ಹಲ್ಲಾದರೆ ಕೂದಲೆಳೆ ಆಚೀಚೆಯಾದರೂ ಒಡೆದು ಮತ್ತೆ ಮಾಡುವ ಮನುಷ್ಯ, ಪೆಟ್ಟಿಗೆಗೆ ಮಾತ್ರ “ಧಾರಾಳವಾಗಿರ್ಲಿ ಬಿಡು, ಪಾಪ” ಎಂದು ಒಂದು ಸೈಜ್ ದೊಡ್ಡದನ್ನೇ ತಂದರು.

ಮಾರ್ಚ್ 15, ಸಂಜೆ

ಪ್ರತಿದಿನ ಐದಕ್ಕೆ ಕಲಾಪ. ಮುಂದೆ ನಾನು, ಹಿಂದೆ ಸಾಹೇಬರು. ಪೇಪರಿನಲ್ಲಿ ‘ಕಾಣೆಯಾಗಿದ್ದಾರೆ’ ಅಂಕಣವನ್ನು ಗಂಭೀರವಾಗಿ ಓದಿಹೇಳುತ್ತೇನೆ. ಸಾಹೇಬರು ಕಿವಿ ನಿಮಿರಿಸುತ್ತಾರೆ. ನಂತರ ಗೊರಕೆ. ಕಾಲು ಜೋಮು ಹಿಡಿಯುತ್ತದೆ, ಆದರೂ ಏಳುವ ಮನಸ್ಸಾಗುವುದಿಲ್ಲ.

ಅಮ್ಮ ಇಣುಕಿದಳು. “ಇಬ್ಬರನ್ನೂ ಒಟ್ಟಿಗೆ ಪಾರ್ಸೆಲ್ ಮಾಡ್ಬಿಡ್ತೀನಿ. ವಿಮಾನದಲ್ಲಿ ಪಕ್ಕದ ಸೀಟಿನವರು ಪುಣ್ಯ ಮಾಡಿರ್ತಾರೆ.”

ಬಾಗಿಲು ಹಾಕುವ ಪಾಠ ನಾಳೆಯಿಂದ.

ಏಪ್ರಿಲ್ 2

ಅಕ್ಕನಿಗೆ ವಿಡಿಯೋ ಕಳಿಸಿದೆ. ಸಾಹೇಬರು ಪೆಟ್ಟಿಗೆಯಲ್ಲಿ ಪವಡಿಸಿರುವ ದೃಶ್ಯ. ನನ್ನ ಕಾಲಿನ ಹೆಬ್ಬೆರಳು ಕಾಣದ ಹಾಗೆ ಕತ್ತರಿಸಿದ್ದು ಸಂಕಲನಕಾರ್ತಿಯ ಕೈಚಳಕ. ಆಫೀಸಿನಿಂದಲೇ ಅಕ್ಕನ ಫೋನ್.

“ಬಾಗಿಲು ಹಾಕ್ತಿದ್ದೀಯಾ?”

“ಹೂಂ.”

“ಎಷ್ಟು ಹೊತ್ತು ಇರುತ್ತೆ?”

“ಬೇಕಾದಷ್ಟು.”

“ಭೇಷ್ ಕಣೇ,” ಎಂದಳು. ಅಕ್ಕನ ಬಾಯಲ್ಲಿ ಭೇಷ್! ಶಾಸನ ಕೆತ್ತಿಸಬೇಕು.

ಬಾಗಿಲು ನಾಳೆಯಿಂದ. ಖಂಡಿತ.

ಮೇ 10

ಮನೆ ಬೋಳು. ಮಾತಾಡಿದರೆ ಗೋಡೆ ಉತ್ತರ ಕೊಡುತ್ತದೆ. ಸೋಫಾ ಹೋದ ಮೇಲೆ ಸಾಹೇಬರಿಗೆ ಮಲಗಲು ಉಳಿದದ್ದು ನನ್ನ ಪಕ್ಕ ಮಾತ್ರ.

ಇವತ್ತು ಒಂದು ಸಲ ಬಾಗಿಲು ಹಾಕಿ ನೋಡಿದೆ. ಇಬ್ಬರೂ ಒಳಗಿದ್ದಾಗ. ನಾನಿದ್ದೇನಲ್ಲ, ಅದಕ್ಕೇನು ಚಿಂತೆ, ನನ್ನ ಮೊಣಕೈ ನೆಕ್ಕುತ್ತ ಕೂತಿತ್ತು. ಇದನ್ನು ಪಾಠದ ಲೆಕ್ಕಕ್ಕೆ ಸೇರಿಸಬಹುದೇ? ನ್ಯಾಯಪೀಠ ತೀರ್ಪನ್ನು ಕಾಯ್ದಿರಿಸಿದೆ.

ಮೇ 12, ವಿಮಾನದಲ್ಲಿ

ಬರೆಯುವುದು ಬೇಡ ಅಂದುಕೊಂಡಿದ್ದೆ. ನಿದ್ದೆ ಬರುತ್ತಿಲ್ಲ.

ಕಾರ್ಗೊ ಶೆಡ್. ಫೋರ್ಕ್‌ಲಿಫ್ಟಿನ ಕಿರುಚಾಟ, ಡೀಸೆಲ್ ವಾಸನೆ. ಪೆಟ್ಟಿಗೆಯ ಬಾಗಿಲು ತೆರೆದು “ಹೂಂ, ಬಿಡಿ ಒಳಗೆ” ಎಂದ ಏಜೆಂಟ್. ನಾನು ಸೊಂಟ ಬಾಗಿಸಿ “ಸಾಹೇಬರು ದಯಮಾಡಿಸಬೇಕು” ಎಂದೆ. ಸಾಹೇಬರು ನಾಲ್ಕೂ ಕಾಲನ್ನು ನೆಲಕ್ಕೆ ನೆಟ್ಟರು. ಅಪ್ಪ ಎತ್ತಲು ಹೋದರೆ ಮೀನಿನ ಹಾಗೆ ಜಾರಿದರು. ಕಣ್ಣಿನ ಬಿಳಿ ಕಾಣುತ್ತಿತ್ತು.

“ಅಭ್ಯಾಸ ಮಾಡಿಸಿಲ್ವೇನ್ರೀ? ಹಿಂಗೆ ಗಾಬರಿ ಬಿದ್ರೆ ಲೋಡ್ ಮಾಡಲ್ಲ ಅವರು. ವಾಪಸ್ ಕರ್ಕೊಂಡೋಗಿ.”

“ಎಲ್ಲಿಗಪ್ಪಾ ವಾಪಸ್ಸು?” ಎಂದಳು ಅಮ್ಮ. “ಬೆಳಿಗ್ಗೇನೆ ಮನೆ ಕೀ ಕೊಟ್ಟು ಬಂದ್ವಲ್ಲ.”

ಅಕ್ಕ ನನ್ನ ಕಡೆ ನೋಡಿದಳು.

ಆಗ ನಾನು ಬುದ್ಧಿ ಉಪಯೋಗಿಸಿದೆ. ಎಲ್ಲರೆದುರು ಮಂಡಿಯೂರಿ ಪೆಟ್ಟಿಗೆಯೊಳಗೆ ತೂರಿದೆ. ಸಾಹೇಬರು ಹಿಂದೆಯೇ ಬಂದರು. ಬಾಲ ಪೆಟ್ಟಿಗೆಯ ಎರಡೂ ಗೋಡೆಗೆ ದಬದಬ. ನನ್ನ ಪಾದದ ಮೇಲೆ ಮೈ ಚೆಲ್ಲಿ, ಮನೆಯಲ್ಲಿ ಬಿಡುತ್ತಿದ್ದ ಹಾಗೇ ಉದ್ದಕ್ಕೆ ಉಸಿರು ಬಿಟ್ಟರು. ಮೂಲೆಗೆ ಬಿಸ್ಕತ್ತು ಇಟ್ಟೆ. ಮುಖ ಅತ್ತ ತಿರುಗಿದ್ದೇ ತಡ, ಬೆನ್ನಿನ ಮೇಲಿಂದ ಹತ್ತಿ ಹೊರಗೆ ನುಸುಳಿದೆ. ಅಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಚಿಲಕ ಬಿತ್ತು.

“ಘಾಟಿ ಹುಡುಗಿ!” ಎಂದ ಏಜೆಂಟ್. ಅಪ್ಪ ಬೆನ್ನು ತಟ್ಟಿದರು. ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನಮಸ್ಕಾರ ಕೂಡ ಮಾಡಿದೆ. ನಾಟಕದ ಕೊನೆಯಲ್ಲಿ ಮಾಡುತ್ತಾರಲ್ಲ, ಹಾಗೆ.

ತಿರುಗಿ ನೋಡಿದರೆ, ಬಿಸ್ಕತ್ತನ್ನು ಬಾಯಲ್ಲಿ ಇಟ್ಟುಕೊಂಡು, ಅಗಿಯದೆ, ನಾನು ಕೂರುವ ಮೂಲೆಯನ್ನು ಮೂಸುತ್ತಿತ್ತು. ಆಮೇಲೆ ಜಾಲರಿಯ ಹತ್ತಿರ ಬಂದು ನನ್ನನ್ನು ನೋಡಿತು. ಬೊಗಳಲಿಲ್ಲ.

ಈಗ ನನ್ನ ಕಾಲ ಕೆಳಗೆಲ್ಲೋ ಇದೆ. ಷೂ ಬಿಚ್ಚಿ ಪಾದವನ್ನು ನೆಲಕ್ಕೆ ಒತ್ತಿಕೊಂಡು ಕೂತಿದ್ದೇನೆ. ಬಾಲ ಬಡಿದದ್ದು ತಿಳಿಯುತ್ತದೇನೋ ಎಂದು. ಬರೀ ಎಂಜಿನ್.

ಮೇ 14

ಬಂತು. ತಪಾಸಣೆಯೆಲ್ಲ ಮುಗಿಸಿ ಎರಡು ದಿನಕ್ಕೆ ಬಿಟ್ಟುಕೊಟ್ಟರು. ಮೂತಿಯ ಮೇಲಿನ ಚರ್ಮ ಸುಲಿದಿದೆ. ಒಂದು ಉಗುರು ಬುಡಕ್ಕೇ ಮುರಿದಿದೆ. ಜಾಲರಿಯ ಒಂದು ಸರಳು ಬಾಗಿದೆ. ಬಿಸ್ಕತ್ತು ಮೂಲೆಯಲ್ಲಿ ಹಾಗೇ ಇತ್ತು, ಇಡಿಯಾಗಿ.

ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿತು. ಅಪ್ಪನ ಕೈ ನೆಕ್ಕಿತು. ಅಕ್ಕನ ಮೈಮೇಲೆ ಹಾರಿತು. ನಾನು “ಸಾಹೇಬರೇ” ಎಂದೆ. ಗುರ್ ಎನ್ನಲಿಲ್ಲ, ಕಚ್ಚಲಿಲ್ಲ. ನೀರಿನ ಗುಂಡಿಯನ್ನು ಬಳಸಿ ಹೋಗುವವರ ಹಾಗೆ ನನ್ನನ್ನು ಬಳಸಿಕೊಂಡು ಹೋಯಿತು.

ದಣಿವಿರಬೇಕು.

ಮೇ 21

ದಣಿವಲ್ಲ.

ಮನೆ ಆರನೇ ಮಹಡಿ. ಅಮ್ಮನ ಜೊತೆ ಲಿಫ್ಟಿನಲ್ಲಿ ರಾಜಗಾಂಭೀರ್ಯದಿಂದ ಇಳಿಯುತ್ತದೆ. ನಾನು ಲಿಫ್ಟಿಗೆ ಕಾಲಿಟ್ಟರೆ ಹೊರಗೇ ನಿಲ್ಲುತ್ತದೆ. ಹಗ್ಗ ಎಳೆದರೆ ಕೂತುಬಿಡುತ್ತದೆ. ಲಿಫ್ಟ್ ಎಂದಲ್ಲ. ಅಡುಗೆಮನೆಗೆ ನಾನು ಮೊದಲು ಹೋದರೆ, ತಟ್ಟೆಯಲ್ಲಿ ಊಟ ಇದ್ದರೂ, ಬಾಗಿಲಲ್ಲೇ ನಿಂತು ಜೊಲ್ಲು ಸುರಿಸುತ್ತದೆ. ನಾನು ಹೊರಬಂದ ಮೇಲೆ ಹೋಗಿ ತಿನ್ನುತ್ತದೆ.

ನನ್ನ ರೂಮಿಗೆ ಒಂದು ಸಲವೂ ಬಂದಿಲ್ಲ.

ದಿನಕ್ಕೆ ಎರಡು ಬಾರಿ ಮೆಟ್ಟಿಲು. ಅದು ಮುಂದೆ, ನಾನು ಹಿಂದೆ.

ಜೂನ್ 6

ಅಕ್ಕ ಲಿಫ್ಟ್ ಹತ್ತಿರ ನಿಂತು ಎಲ್ಲ ನೋಡಿದಳು. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತ ಕೇಳಿದಳು.

“ನೀನು ಒಂದಿನಾನೂ ಅದನ್ನ ಒಂಟಿಯಾಗಿ ಬಿಟ್ಟು ಬಾಗಿಲು ಹಾಕಿರ್ಲಿಲ್ಲ, ಅಲ್ವಾ?”

“ಇಲ್ಲ.”

“ಯಾಕೆ?”

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಘನ ನ್ಯಾಯಾಲಯದ ಮುಂದೆ ಅಂತ ಏನೋ. ಹೊರಗೆ ಬರಲಿಲ್ಲ. “ಕಾಲ ಮೇಲೆ ಮಲಗ್ತಿತ್ತು ಕಣೆ. ಎದ್ದು ಬರಕ್ಕೆ ಆಗ್ತಿರ್ಲಿಲ್ಲ.”

ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿಯನ್ನು ಗೂಡಿಗೆ ಇಟ್ಟು ಒಳಗೆ ಹೋದಳು.

ಜೂನ್ 11

ಮಹಾ ಉಪಾಯ. ಅಕ್ಕನ ಸ್ವೆಟರ್, ಅಕ್ಕನ ಚಪ್ಪಲಿ, ಅಕ್ಕ ಹಚ್ಚುವ ಎಣ್ಣೆ. ತಲೆಗೆ ಅಕ್ಕನ ಶಾಲು. ನಡಿಗೆಯೂ ಅಕ್ಕನದೇ, ಹಿಮ್ಮಡಿ ಕುಟ್ಟಿಕೊಂಡು. ರೂಮಿನೊಳಗೆ ಗೋಡೆಗೆ ಮುಖ ಮಾಡಿ ಕೂತೆ.

ಉಗುರಿನ ಸದ್ದು ಹೊಸಿಲವರೆಗೆ ಬಂತು. ಅಲ್ಲಿಂದಲೇ ಸ್ವೆಟರಿನ ವಾಸನೆ ಮೂಸಿದ್ದು ಕೇಳಿಸಿತು. ಒಂದು ಉಸಿರು, ಎರಡು ಉಸಿರು. ಉಗುರಿನ ಸದ್ದು ಹಿಂದಕ್ಕೆ ಹೋಯಿತು.

ಮತ್ತೆ ಮೋಸವನ್ನೇ ಮಾಡಲು ಹೋದೆನಲ್ಲ. ನನಗೆ ಬೇರೇನೂ ಬರುವುದೇ ಇಲ್ಲವೇ?

ಜುಲೈ 3

ಹಳೆಯ ಊರಿನ ಡಾಕ್ಟರಮ್ಮನಿಗೆ ವಿಡಿಯೋ ಕಾಲ್. ಸಾಹೇಬರನ್ನು ಮರಿಯಿದ್ದಾಗಿನಿಂದ ನೋಡಿದವರು. ಎಲ್ಲ ಹೇಳಿದೆ. ಬಿಡಿಸಿ ಬಿಡಿಸಿ ಕೇಳಿದರು.

“ಅದು ಪೆಟ್ಟಿಗೆಗೆ ಹೆದರ್ತಿಲ್ಲ ಕಣೇ. ನೀನು ಮುಂದೆ ಹೋದ ಜಾಗಕ್ಕೆ ಹೆದರ್ತಿದೆ.”

“ಮಾತ್ರೆ ಏನಾದ್ರೂ...?”

“ನಿಂಗಾ, ಅದಕ್ಕಾ?” ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ಕರೀಬೇಡ. ಬಿಸ್ಕತ್ತು ತೋರಿಸ್ಬೇಡ. ಮುದ್ದು ಮಾಡಕ್ಕೆ ಹೋಗ್ಬೇಡ. ಸುಮ್ನೆ ಇರು. ಬಂದ್ರೆ ಬರ್ಲಿ.”

“ಬರದೇ ಇದ್ರೆ?”

“ಸುಮ್ನಿರೋದು ನಿನ್ನ ಜನ್ಮದಲ್ಲೇ ಇಲ್ವಲ್ಲ, ಮೊದ್ಲು ಅದನ್ನ ಕಲಿ. ಆಮೇಲೆ ನೋಡೋಣ.”

ಜುಲೈ 19

ಸುಮ್ಮನಿದ್ದೇನೆ. ಈ ಮನೆಯಲ್ಲಿ ಇಷ್ಟು ಕಷ್ಟದ ಕೆಲಸ ಬೇರೆ ಯಾರೂ ಮಾಡುತ್ತಿಲ್ಲ. ಊಟಕ್ಕೆ ಕೂತಾಗ ಅಪ್ಪ ನನ್ನ ಹಣೆ ಮುಟ್ಟಿ ನೋಡಿದರು.

“ಜ್ವರ ಇಲ್ಲ. ಮತ್ತೇನಾಯ್ತು ಇವ್ಳಿಗೆ? ಲ್ಯಾಬಿನ ಸ್ಯಾಂಪಲ್ ಹಲ್ಲನ್ನ ಯಾರೂ ನನ್ನ ಟೀ ಲೋಟಕ್ಕೆ ಹಾಕಿಲ್ಲ, ತಿಂಗಳಾಯ್ತು.”

ಅಮ್ಮ ಕಣ್ಸನ್ನೆ ಮಾಡಿದಳು. ಅಪ್ಪ ಅನ್ನ ಕಲಸಿದರು.

ಆಗಸ್ಟ್ 8

ಮೆಟ್ಟಿಲಿನ ಮೂರನೇ ಮಹಡಿಯಲ್ಲಿ ನಿಂತು ತಿರುಗಿ ನೋಡಿತು. ನಾನು ಬರುತ್ತಿದ್ದೇನೋ ಇಲ್ಲವೋ ಎಂದು. ಅಷ್ಟೇ. ಮತ್ತೆ ಹತ್ತಿತು.

ಇದನ್ನು ಯಾರಿಗೂ ಹೇಳಿಲ್ಲ.

ಆಗಸ್ಟ್ 30, ಸಂಜೆ

ಎಲ್ಲರೂ ಹೊರಗೆ ಹೋಗಿದ್ದಾರೆ. ರೂಮಿನ ಬಾಗಿಲು ತೆರೆದಿದೆ. ಮೇಜಿನ ಮುಂದೆ, ಬಾಗಿಲಿಗೆ ಓರೆಯಾಗಿ ಕೂತಿದ್ದೇನೆ. ಹಜಾರದಲ್ಲಿ ಉಗುರಿನ ಸದ್ದು. ನೀರು ಕುಡಿಯಲು ಇರಬೇಕು.

ಅಲ್ಲ. ಈ ಕಡೆಗೆ.

ತಲೆ ಎತ್ತುವುದಿಲ್ಲ. ಬರೆಯುತ್ತಲೇ ಇರುತ್ತೇನೆ. ಪೆನ್ನು ನಿಂತರೆ ಏನೋ ಹೂಟ ಅಂದುಕೊಳ್ಳಬಹುದು. ಏನಾದರೂ ಬರೆಯಬೇಕು. ಮೇಜು ಕಂದು ಬಣ್ಣ. ಕಿಟಕಿಯ ಪರದೆಗೆ ಒಂದು ಕೊಕ್ಕೆ ಇಲ್ಲ. ಎದುರು ಕಟ್ಟಡದಲ್ಲಿ ಯಾರೋ ಚಾಪೆ ಕೊಡವುತ್ತಿದ್ದಾರೆ. ಧೂಳು. ಮೇಜು ಕಂದು ಬಣ್ಣ, ಇದನ್ನು ಆಗಲೇ ಬರೆದೆ.

ಹೊಸಿಲ ಹತ್ತಿರ ನಿಂತಿದೆ. ಉಸಿರು ಕೇಳಿಸುತ್ತಿದೆ. ಜೇಬಿನಲ್ಲಿ ಬಿಸ್ಕತ್ತು ಇದೆ, ತೆಗೆಯುವುದಿಲ್ಲ. ಕ್ಷಮಿಸು ಎನ್ನುವುದೂ ಇಲ್ಲ. ಅದೂ ಕರೆದ ಹಾಗೆಯೇ.

ಕೂತಿತು. ಮಲಗಿತು. ಹೊಸಿಲಿನ ಆಚೆಗೇ, ಬೆನ್ನು ನನ್ನ ಕಡೆ. ಬಾಲದ ತುದಿ ಮಾತ್ರ ಈಚೆ ಬಿದ್ದಿದೆ, ರೂಮಿನೊಳಗೆ. ಅದಕ್ಕೆ ಗೊತ್ತಿದೆಯೋ ಇಲ್ಲವೋ. ಉದ್ದಕ್ಕೆ ಉಸಿರು ಬಿಡುತ್ತದೇನೋ ಎಂದು ಕಾಯುತ್ತಿದ್ದೇನೆ. ಇನ್ನೂ ಬಿಟ್ಟಿಲ್ಲ. ಕತ್ತಲಾಗುತ್ತ ಬಂತು, ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ದೀಪ ಹಾಕಲು ಏಳಬೇಕು, ಏಳುವುದಿಲ್ಲ, ಕುರ್ಚಿ ಸದ್ದು ಮಾಡುತ್ತದೆ, ಸಾಲು ಎಲ್ಲಿ ಹೋಗುತ್ತಿದೆಯೋ, ಹೋಗಲಿ, ಬಾಲ ಇನ್ನೂ ಅಲ್ಲೇ ಇದೆ, ನಾನು